ಜಾಗ ಬಿಡದ ಐದು ದ್ವೀಪಗಳು

"ಈಗ ತಿದ್ದುಸುರುಳಿಗೆ ಎಂಬತ್ತು ಆಂಪಿಯರ್ ಕೊಡ್ತೀನಿ. ಈ ಐದೂ ಮಾಯ ಆಗ್ತವೆ, ನೋಡ್ತಾ ಇರಿ ಸರ್," ಎಂದು ಮೋಕ್ಷಿತಾ ಕರೆಂಟಿನ ಗುಂಡಿಯನ್ನು ಬಲಕ್ಕೆ ತಿರುಗಿಸಿದಳು.

ಮಾಯವಾಗಲಿಲ್ಲ.

ಪರದೆಯ ಮೇಲೆ ಹಸಿರು ಚುಕ್ಕೆಗಳು ಒಂದರ ಪಕ್ಕ ಒಂದು ಬೀಳುತ್ತ ಒಂದರೊಳಗೊಂದು ಬಳೆಗಳಾದವು. ಒಳಗಿನ ಬಳೆಗಳು ಹಾಗೇ ಇದ್ದವು. ಅಂಚಿನ ಬಳೆ ಇರಬೇಕಾದ ಕಡೆ ಮಾತ್ರ ಐದು ಉಬ್ಬುಗಳು ಮೂಡಿದವು. ಕರೆಂಟು ಕೊಡುವ ಮೊದಲು ಅವು ತೆಳ್ಳಗಿದ್ದವು. ಈಗ ದಪ್ಪಗಾಗಿದ್ದವು.

ಮೋಕ್ಷಿತಾ ಗುಂಡಿಯನ್ನು ಸೊನ್ನೆಗೆ ತಂದಳು. ಉಬ್ಬುಗಳು ತೆಳ್ಳಗಾದವು. ಮತ್ತೆ ಎಂಬತ್ತಕ್ಕೆ ತಿರುಗಿಸಿದಳು. ದಪ್ಪಗಾದವು.

"ಇದು ಹೀಗಾಗ್ಬಾರ್ದು," ಎಂದಳು.

ಅವಳ ಹಿಂದೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದ ಉತ್ತಯ್ಯ ಮುಂದಕ್ಕೆ ಬಾಗಿದ. ಇಲ್ಲಿನ ಅಪಘಾತದ ವಿಚಾರಣೆಗೆ ಬಂದಿದ್ದ ಅಮ್ಮತ್ತಿಯ ಈ ನಿವೃತ್ತ ಇನ್‌ಸ್ಪೆಕ್ಟರ್ ಮೂವತ್ತನಾಲ್ಕು ವರ್ಷ ಕಳ್ಳರ ಮುಖ ಓದಿದ್ದವನು. ಹಸಿರು ಚುಕ್ಕೆಗಳನ್ನು ಓದಲು ಮಾತ್ರ ಅವನಿಗೆ ಬಂದಿರಲಿಲ್ಲ.

ಚೇರಂಬಾಣೆಯಾಚೆಯ ಈ ಸಂಶೋಧನಾ ಕೇಂದ್ರವನ್ನು ಊರವರು ಸುರುಳಿ ಮನೆ ಎನ್ನುತ್ತಾರೆ. ಇಲ್ಲಿ ಯಂತ್ರದ ಗಾಜಿನ ಕಿಟಕಿ ಸಿಡಿದು ಚೂರುಗಳು ಸಂಶೋಧಕ ಚೈತನ್ಯನ ಎರಡೂ ಕಣ್ಣಿಗೆ ಹೊಕ್ಕು ಇವತ್ತಿಗೆ ಹನ್ನೊಂದು ದಿನ. ಮೈಸೂರಿನ ಆಸ್ಪತ್ರೆಯಲ್ಲಿರುವ ಅವನು ಇನ್ನೂ ಮಾತಾಡುವ ಸ್ಥಿತಿಯಲ್ಲಿಲ್ಲ. ತಪ್ಪಿತಸ್ಥ ಇವನೇ ಎಂದು ಉತ್ತಯ್ಯ ಕ್ಯಾಂಟೀನಿನಲ್ಲಿ ಎಲ್ಲರೆದುರು ಬೆರಳು ತೋರಿಸಿ ಆರು ದಿನ. ಆ ಬೆರಳಿನ ತುದಿಯಲ್ಲಿದ್ದವನು ಸುರುಳಿಗಳ ಟೆಕ್ನೀಶಿಯನ್ ಬೆಳ್ಯಪ್ಪ.

ನಿನ್ನೆ ವರದಿ ಬರೆಯಲು ಕೂತಾಗ ಉತ್ತಯ್ಯನ ಪೆನ್ನು ಒಂದೇ ವಾಕ್ಯದಲ್ಲಿ ನಿಂತಿತ್ತು. 'ಕರೆಂಟು ಹೆಚ್ಚಾದ್ದರಿಂದ ದ್ವೀಪಗಳು ಉಂಟಾದವು, ಏಕೆಂದರೆ' ಎಂದು ಬರೆದಿದ್ದ. ಏಕೆಂದರೆ ಏನು? ಅವನಿಗೆ ಗೊತ್ತಿರಲಿಲ್ಲ. ನಿರ್ದೇಶಕ ಪ್ರಜ್ಞೇಶ್ ಅರ್ಧ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಕೇಳಿ 'ಹೌದೌದು' ಎಂದಿದ್ದ, ಅಷ್ಟೆ. ಅಷ್ಟರ ಮೇಲೆ ಒಬ್ಬ ಮನುಷ್ಯನನ್ನು ಎಬ್ಬಿಸಿ ನಿಲ್ಲಿಸಿದ್ದ.

ಅದಕ್ಕೇ ಇವತ್ತು ಬೆಳಿಗ್ಗೆ ಬಂದು, "ಮೋಕ್ಷಿತಾ, ನಂಗೆ ಮೊದಲಿಂದ ಹೇಳಿಕೊಡು. ಏನೂ ಗೊತ್ತಿಲ್ಲದವನಿಗೆ ಹೇಳೋ ಹಾಗೆ," ಎಂದಿದ್ದ. ಮಗಳ ವಯಸ್ಸಿನ ಹೆಣ್ಣುಮಗಳೆದುರು ಅಷ್ಟು ಹೇಳುವುದಕ್ಕೇ ಅವನ ಕಿವಿ ಬಿಸಿಯಾಗಿತ್ತು.

ಶಿರಂಗಾಲದ ಮೋಕ್ಷಿತಾ ನಗಲಿಲ್ಲ. ಚೈತನ್ಯನ ಜೊತೆಗೇ ಕೆಲಸಕ್ಕೆ ಸೇರಿದವಳು ಅವಳು. ಕಾಗದ ತೆಗೆದು ಒಂದರೊಳಗೊಂದು ಬಳೆ ಬರೆದು ತೋರಿಸಿದ್ದಳು.

"ಈ ಯಂತ್ರದೊಳಗೆ ಅನಿಲ ಎಷ್ಟು ಬಿಸಿ ಆಗುತ್ತೆ ಅಂದ್ರೆ ಯಾವ ಪಾತ್ರೇನೂ ಅದನ್ನ ತಡ್ಕೊಳ್ಳಲ್ಲ ಸರ್. ಗೋಡೆಗೆ ತಾಗಿಸ್ದೆ ಗಾಳೀಲಿ ಹಿಡಿದಿಡ್ಬೇಕು. ಸುತ್ತ ತಿರುಚಿದ ಸುರುಳಿಗಳಿವೆಯಲ್ಲ, ಅದ್ರಲ್ಲಿ ಕರೆಂಟು ಹರಿಸಿದ್ರೆ ಅಯಸ್ಕಾಂತದ ಗೆರೆಗಳು ಈರುಳ್ಳಿ ಥರ ಪದರ ಪದರವಾಗಿ ಸುತ್ಕೋತವೆ. ಬಿಸಿ ಆ ಪದರಗಳ ಒಳಗೇ ಇರುತ್ತೆ."

"ದ್ವೀಪ ಅಂದ್ರೆ?"

"ಒಂದು ಪದರದಲ್ಲಿ ಗೆರೆ ಐದು ಸುತ್ತು ಸುತ್ತಿ ಹೊರಟ ಜಾಗಕ್ಕೇ ಬಂದು ಸೇರುತ್ತೆ. ಸುರುಳಿ ಎಲ್ಲೋ ಕೂದಲೆಳೆಯಷ್ಟು ಓರೆ ಕೂತಿದ್ರೂ ಆ ತಪ್ಪು ಪ್ರತಿ ಸಲ ಅದೇ ಜಾಗಕ್ಕೆ ಬಡೀತದೆ. ಬಡಿದು ಬಡಿದು ಪದರ ಹರಿದು ಐದು ಗಂಟಾಗುತ್ತೆ. ಅದೇ ದ್ವೀಪ. ಗಂಟು ದಪ್ಪ ಆದಷ್ಟೂ ಬಿಸಿ ಹೊರಗೆ ಸೋರಿ ಗೋಡೆಗೆ, ಕಿಟಕಿಗೆ ಬಡಿಯುತ್ತೆ. ನಮ್ಮ ಯಂತ್ರದಲ್ಲಿ ಹುಟ್ಟಿನಿಂದ ಈ ಸಣ್ಣ ತಪ್ಪು ಇದೆ. ಅದನ್ನ ಅಳಿಸೋಕೇ ತಿದ್ದುಸುರುಳಿ. ಎಂಬತ್ತು ಆಂಪಿಯರಿಗೆ ಸರಿಯಾಗಿ ಅಳಿಸುತ್ತೆ."

ಇಷ್ಟು ಹೇಳಿ, ಸಿಡಿದ ಕಿಟಕಿಯ ಜಾಗಕ್ಕೆ ಅಂದೇ ಉಕ್ಕಿನ ತಟ್ಟೆ ಬಿಗಿದಿದ್ದ ಯಂತ್ರದೊಳಗೆ ಸಣ್ಣ ಎಲೆಕ್ಟ್ರಾನ್ ಕಿರಣ ಬಿಟ್ಟು, ಅದು ಬಡಿದಲ್ಲಿ ಹೊಳೆಯುವ ಕಡ್ಡಿಯೊಂದನ್ನು ಆಡಿಸಿ, ಗೆರೆಗಳನ್ನು ಕಣ್ಣಿಗೆ ಕಾಣುವಂತೆ ಪರದೆಗೆ ತಂದಿದ್ದಳು. ಅಪಘಾತದ ದಿನ ಯಂತ್ರಕ್ಕೆ ಹಾಕಿಸಿದ ಸೀಲನ್ನು ಉತ್ತಯ್ಯ ತೆಗೆಸಿದ್ದು ಇವತ್ತೇ. ಅಲ್ಲಿಯವರೆಗೆ ಯಾರೂ ಅದನ್ನು ಮುಟ್ಟಿರಲಿಲ್ಲ.

"ಕರೆಂಟು ಎಂಬತ್ತರ ಬದಲು ನೂರ ಅರುವತ್ತಾದ್ರೆ?" ಎಂದು ಉತ್ತಯ್ಯ ಕೇಳಿದ. ಕ್ಯಾಂಟೀನಿನಲ್ಲಿ ಅವನು ಹೇಳಿದ್ದು ಅದನ್ನೇ. ಯಂತ್ರದ ದಾಖಲೆ ಪುಸ್ತಕದಲ್ಲಿ ಎಂಬತ್ತು ಅಂತ ಬರೆದು ನೂರ ಅರುವತ್ತು ಹರಿಸಿದವನು ಇಲ್ಲೇ ಕೂತಿದ್ದಾನೆ ಎಂದು.

ಮೋಕ್ಷಿತಾ ಕಂಪ್ಯೂಟರಿನಲ್ಲಿ ಹುಡುಕಿ ಒಂದು ಚಿತ್ರ ತೆಗೆದಳು. "ಹೋದ ವರ್ಷ ಬೇಕಂತಲೇ ನೂರ ಅರುವತ್ತು ಕೊಟ್ಟು ತೆಗೆದದ್ದು. ದ್ವೀಪ ಎಲ್ಲಿದೆ ನೋಡಿ."

ಉತ್ತಯ್ಯ ಬೆರಳಿಟ್ಟು ನೋಡಿದ. ಐದು ದ್ವೀಪಗಳಿದ್ದವು. ಆದರೆ ಇರಬೇಕಾದ ಜಾಗದಲ್ಲಿರಲಿಲ್ಲ. ಮೊದಲು ಎರಡು ದ್ವೀಪಗಳ ನಡುವೆ ಎಲ್ಲಿ ಸಂದು ಇತ್ತೋ ಅಲ್ಲಿಗೆ ಸರಿದಿದ್ದವು.

"ತಿದ್ದಿದ್ದು ಜಾಸ್ತಿ ಆದ್ರೆ ಅರ್ಧ ಹೆಜ್ಜೆ ಪಕ್ಕಕ್ಕೆ ಹೋಗ್ತವೆ," ಎಂದಳು.

"ಅಪಘಾತದ ದಿನದ್ದು?"

ಅವಳು ಇನ್ನೊಂದು ಚಿತ್ರ ತೆಗೆದಳು. ಚೈತನ್ಯ ಅವತ್ತು ಬೆಳಿಗ್ಗೆ ತೆಗೆದದ್ದು. ಐದು ದ್ವೀಪಗಳು. ದಪ್ಪ. ಜಾಗ ಬಿಟ್ಟು ಒಂದಿಷ್ಟೂ ಕದಲಿಲ್ಲ. ಈಗ ಎದುರಿನ ಪರದೆಯಲ್ಲಿ ಇರುವುದೂ ಅದೇ.

ಉತ್ತಯ್ಯನಿಗೆ ಮೊದಲ ಸಲ ಪೂರ್ತಿ ಅರ್ಥವಾಯಿತು.

"ಅಂದ್ರೆ ಜಾಸ್ತಿ ಕೊಟ್ಟದ್ದಲ್ಲ. ಉಲ್ಟಾ ಕೊಟ್ಟದ್ದು. ಅಳಿಸ್ಬೇಕಾದ್ದು ಕೂಡಿಸ್ತು."

"ಹೌದು ಸರ್."

"ಮೀಟರಿನಲ್ಲಿ?"

"ಎಂಬತ್ತೇ ತೋರಿಸುತ್ತೆ. ಎಷ್ಟು ಅಂತ ಮಾತ್ರ ಹೇಳುತ್ತೆ ಅದು, ಯಾವ ಕಡೆಗೆ ಅಂತ ಹೇಳಲ್ಲ."

ಬೆಳ್ಯಪ್ಪ ಬರೆದದ್ದು ನಿಜ. ನೀಲಿ ಶಾಯಿಯಲ್ಲಿ, ಗುಂಡು ಅಕ್ಷರದಲ್ಲಿ, ಎಂಬತ್ತು. ಆ ಪುಸ್ತಕವನ್ನು ಉತ್ತಯ್ಯ ಎಲ್ಲರೆದುರು ಎತ್ತಿ ಹಿಡಿದು 'ಇದು ಸುಳ್ಳಿನ ಪುಸ್ತಕ' ಎಂದಿದ್ದ.

"ಈ ಚಿತ್ರವನ್ನ ನೀನು ಮೊದಲೇ ನಂಗೆ ಯಾಕೆ ತೋರಿಸ್ಲಿಲ್ಲ ಮೋಕ್ಷಿತಾ?" ದನಿ ಸ್ವಲ್ಪ ಏರಿತು. ಹಳೆಯ ಠಾಣೆಯ ದನಿ.

ಅವಳು ತಿರುಗಿ ಅವನ ಮುಖ ನೋಡಿದಳು. ಹೇಳಲೋ ಬೇಡವೋ ಎಂದು ತಡವರಿಸಿದಳು.

"ತೋರಿಸಿದ್ದೆ ಸರ್. ನೀವು ಬಂದ ಮೊದಲನೇ ದಿನಾನೇ. 'ದ್ವೀಪ ಜಾಗ ಬಿಟ್ಟಿಲ್ಲ ಸರ್, ಬರೀ ದಪ್ಪ ಆಗಿದೆ, ಇದು ವಿಚಿತ್ರ' ಅಂತಾನೂ ಹೇಳಿದ್ದೆ. ನೀವು ತಲೆ ಆಡಿಸಿದ್ರಿ. 'ಗೊತ್ತಾಯ್ತು, ಮುಂದೆ ಹೇಳು' ಅಂದ್ರಿ."

ಉತ್ತಯ್ಯ ಜೇಬಿನಿಂದ ಪೆನ್ನು ತೆಗೆದ.

"ಆಮೇಲೆ ಕ್ಯಾಂಟೀನಿನಲ್ಲಿ ಬೆಳ್ಯಪ್ಪಣ್ಣನ ಹೆಸರು ಹೇಳಿದ್ರಿ. ನಂಗೆ ಸರಿ ಕಾಣ್ಲಿಲ್ಲ. ಆದ್ರೆ ಸರ್‌ಗೆ ಈ ಚಿತ್ರ ಗೊತ್ತಿದೆ, ಗೊತ್ತಿದ್ದೂ ಹೇಳ್ತಿದ್ದಾರೆ ಅಂದ್ರೆ ನನಗೆ ತಿಳೀದ ಬೇರೆ ಸಾಕ್ಷಿ ಇರ್ಬೇಕು ಅಂದ್ಕೊಂಡೆ. ಅದಕ್ಕೇ ಬಾಯಿ ಮುಚ್ಕೊಂಡೆ." ಅವಳ ಕಣ್ಣು ತುಂಬಿತು. "ನಾನೂ ಎದ್ದು ನಿಂತು ಕೇಳ್ಬೇಕಿತ್ತು. ಕೇಳ್ಲಿಲ್ಲ."

ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಅವಳು ಬೈಯಲಿಲ್ಲ. ಅವನ ತಪ್ಪಿನಲ್ಲಿ ಅರ್ಧವನ್ನು ತನ್ನ ತಲೆಗೆ ಹಾಕಿಕೊಂಡು ಕೂತಿದ್ದಳು. ಉತ್ತಯ್ಯನಿಗೆ ಅವಳ ಮುಖ ನೋಡಲಾಗಲಿಲ್ಲ. ಪೆನ್ನಿನ ಮುಚ್ಚಳ ತೆಗೆದು ಹಾಕಿದ, ತೆಗೆದು ಹಾಕಿದ.

"ನಡಿ, ಸುರುಳಿ ನೋಡೋಣ," ಎಂದ ಕೊನೆಗೆ.

ಯಂತ್ರದ ಹಾಲ್‌ನಲ್ಲಿ ದೀಪ ಹಾಕಿದರು. ತಿದ್ದುಸುರುಳಿ ಎದೆ ಎತ್ತರದಲ್ಲಿತ್ತು. ಅದರ ಮೇಲೆ ಹಳದಿ ಬಣ್ಣದ ಬಾಣದ ಗುರುತು. ಕರೆಂಟು ಹರಿದಾಗ ದಿಕ್ಸೂಚಿಯ ಮುಳ್ಳು ಬಾಣದ ಕಡೆ ತಿರುಗಬೇಕು. ಮೋಕ್ಷಿತಾ ತನ್ನ ಡ್ರಾಯರಿನಲ್ಲಿದ್ದ ಪುಟ್ಟ ದಿಕ್ಸೂಚಿಯನ್ನು ಅವನ ಅಂಗೈಯಲ್ಲಿಟ್ಟು, ಹೊರಗೆ ಹೋಗಿ ಕರೆಂಟು ಕೊಟ್ಟಳು.

ಮುಳ್ಳು ಸರ್ರನೆ ತಿರುಗಿ ಬಾಣಕ್ಕೆ ಬೆನ್ನು ಹಾಕಿ ನಿಂತಿತು.

ಸುರುಳಿಯ ಹಿಂದೆ ಬಗ್ಗಿ ಟಾರ್ಚ್ ಬಿಟ್ಟರು. ಎರಡು ದಪ್ಪ ಕೇಬಲ್, ಗುರುತಿಗೆ ತುದಿಗೆ ತೊಡಿಸಿದ ಪ್ಲಾಸ್ಟಿಕ್ ತೋಳು, ಒಂದಕ್ಕೆ ಕೆಂಪು, ಒಂದಕ್ಕೆ ಕಪ್ಪು. ಕೆಂಪು ಕೆಂಪಿನ ಜಾಗದಲ್ಲೇ ಇತ್ತು, ಕಪ್ಪು ಕಪ್ಪಿನ ಜಾಗದಲ್ಲೇ. ಮೇಲ್ನೋಟಕ್ಕೆ ಎಲ್ಲ ಸರಿ. ಆದರೆ ಪಕ್ಕದ ದೊಡ್ಡ ಸುರುಳಿಗಳ ಕೆಂಪು ತೋಳುಗಳು ಮಾಸಿ ಇಟ್ಟಿಗೆ ಬಣ್ಣಕ್ಕೆ ತಿರುಗಿದ್ದವು. ಈ ಎರಡು ಮಾತ್ರ ಹೊಸತು.

"ಕೇಬಲ್ ಅದಲು ಬದಲು ಮಾಡಿ, ಯಾರಿಗೂ ಗೊತ್ತಾಗದಿರ್ಲಿ ಅಂತ ತೋಳೂ ಬದಲಾಯಿಸಿದ್ದಾರೆ," ಎಂದ ಉತ್ತಯ್ಯ. "ಇದು ಕೈತಪ್ಪಿ ಆದದ್ದಲ್ಲ."

"ಚೈತನ್ಯ ಅವತ್ತು ಹಾಲ್ ಒಳಗೆ ಯಾಕೆ ಹೋಗಿದ್ದ ಅಂತ ಈಗ ಗೊತ್ತಾಗ್ತಿದೆ ಸರ್," ಎಂದಳು ಮೋಕ್ಷಿತಾ. "ಚಿತ್ರ ನೋಡಿ ಅನುಮಾನ ಬಂದಿರ್ಬೇಕು. ಇದನ್ನೇ ನೋಡೋಕೆ ಹೋಗಿದ್ದಾನೆ. ಅವನು ಒಳಗಿರುವಾಗ್ಲೇ ಯಾರೋ ಯಂತ್ರ ಚಾಲೂ ಮಾಡಿದ್ದಾರೆ."

ಉತ್ತಯ್ಯ ಗಡಿಯಾರ ನೋಡಿದ. ಹನ್ನೆರಡೂ ಕಾಲು. ಬೆಳ್ಯಪ್ಪನ ಮನೆಗೆ ಜೀಪಿನಲ್ಲಿ ಹತ್ತು ನಿಮಿಷ. ಇನ್ನು ಒಂದು ಗಂಟೆಯೂ ಆ ಮನುಷ್ಯ ಕಳಂಕ ಹೊತ್ತು ಕೂರಬಾರದು ಎನಿಸಿತು.

"ನಾನು ಬರೋವರೆಗೆ ನೀನು ಈ ಕೇಬಲ್ ಹತ್ರಾನೇ ಇರು. ಯಾರನ್ನೂ ಮುಟ್ಟೋಕೆ ಬಿಡ್ಬೇಡ," ಎಂದು ಹೊರಟ.

ಗೇಟಿನ ಬಳಿ ಜೀಪು ನಿಲ್ಲಿಸಿ ಪ್ರಜ್ಞೇಶ್‌ಗೆ ಫೋನ್ ಮಾಡಿದ. ನಿರ್ದೇಶಕನಿಗೆ ತನ್ನ ತಪ್ಪನ್ನು ತಾನೇ ಮೊದಲು ಹೇಳುವುದು ಮರ್ಯಾದೆ ಅಂದುಕೊಂಡ. ಒಂದನ್ನೂ ಮುಚ್ಚಿಡಲಿಲ್ಲ. ಚಿತ್ರ, ದಿಕ್ಸೂಚಿ, ಹೊಸ ತೋಳು, ಎಲ್ಲ ಹೇಳಿದ. ಕೊನೆಗೆ, "ನಾನು ಅವಸರ ಮಾಡಿದೆ ಡಾಕ್ಟ್ರೇ. ನಾಚಿಕೆ ಆಗ್ತಿದೆ," ಎಂದ.

"ಛೇ ಛೇ, ನೀವೇನ್ ಮಾಡ್ತೀರಿ ಸರ್, ಮನುಷ್ಯ ಅಂದ್ಮೇಲೆ ತಪ್ಪಾಗುತ್ತೆ," ಪ್ರಜ್ಞೇಶ್‌ನ ದನಿ ಬೆಣ್ಣೆಯಂತಿತ್ತು. "ಬೇರೆ ಯಾರಿಗೂ ಹೇಳ್ಬೇಡಿ. ಮಿಕ್ಕಿದ್ದು ನಾನು ನೋಡ್ಕೋತೀನಿ."

ಫೋನ್ ಇಟ್ಟಾಗ ಉತ್ತಯ್ಯನ ಎದೆ ಕೊಂಚ ಹಗುರವಾಗಿತ್ತು.

ಬೆಳ್ಯಪ್ಪ ಜಗಲಿಯಲ್ಲಿ ಕೂತು ಮಿಕ್ಸಿಯ ಮೋಟಾರಿಗೆ ತಾಮ್ರದ ತಂತಿ ಸುತ್ತುತ್ತಿದ್ದ. ಐವತ್ತು ದಾಟಿದ ಗಟ್ಟಿ ಆಳು. ಆರು ದಿನದಲ್ಲಿ ಕುತ್ತಿಗೆ ಸಣ್ಣಗಾಗಿತ್ತು. ಮೊದಲೆಲ್ಲ ಸುತ್ತಲಿನ ಎಸ್ಟೇಟುಗಳ ಪಂಪ್‌ಸೆಟ್ ಸುಟ್ಟರೆ ಇವನ ಜಗಲಿಗೇ ಬರುತ್ತಿತ್ತು. ಈಗ ಅಲ್ಲಿ ಅವನ ಮನೆಯ ಮಿಕ್ಸಿ ಬಿಟ್ಟರೆ ಏನೂ ಇರಲಿಲ್ಲ.

ಅವನ ಹೆಂಡತಿ ಗಂಗಮ್ಮ ಬಾಗಿಲಿಗೆ ಬಂದು ನೋಡಿದಳು. ಬನ್ನಿ ಎನ್ನಲಿಲ್ಲ.

ಉತ್ತಯ್ಯ ಅಂಗಳದಲ್ಲೇ ನಿಂತ. "ಬೆಳ್ಯಪ್ಪ, ತಪ್ಪು ನಂದು. ನೀನು ಎಂಬತ್ತೇ ಕೊಟ್ಟಿದ್ದೆ. ಯಾರೋ ಹಿಂದಿನಿಂದ ಕೇಬಲ್ ಅದಲು ಬದಲು ಮಾಡಿದ್ರು. ನಂಗೆ ಅರ್ಥ ಆಗಿರ್ಲಿಲ್ಲ. ಅರ್ಥ ಆಗಿದೆ ಅಂತ ನಟಿಸಿ ನಿನ್ನ ಹೆಸರು ಹೇಳಿಬಿಟ್ಟೆ."

ಬೆಳ್ಯಪ್ಪನ ತುಟಿ ಅಲುಗುತ್ತಿತ್ತು. ಸುತ್ತು ಎಣಿಸುತ್ತಿದ್ದ. ಅರುವತ್ತು ಮುಗಿದ ಮೇಲೆ ತಂತಿಯನ್ನು ಹೆಬ್ಬೆರಳಲ್ಲಿ ಅದುಮಿ ಹಿಡಿದು ತಲೆಯೆತ್ತಿದ.

"ಇದನ್ನ ಹೇಳೋಕೆ ಇಲ್ಲಿಗೆ ಬಂದ್ರಾ ಸಾರ್?"

ಕ್ಯಾಂಟೀನಿನ ಆ ದಿನದವರೆಗೂ ಅವನು ಉತ್ತಯ್ಯಣ್ಣ ಎನ್ನುತ್ತಿದ್ದ.

"ಹೌದು."

"ಅವತ್ತು ಅಲ್ಲಿ ಎಷ್ಟು ಜನ ಇದ್ರು?"

"ನಲ್ವತ್ತು ಇದ್ದಿರ್ಬಹುದು."

"ನಲ್ವತ್ತಾರು. ತಲೆ ಎತ್ತೋಕೆ ಆಗ್ಲಿಲ್ಲವಲ್ಲ, ಕಾಲುಗಳನ್ನ ಎಣಿಸ್ತಾ ನಿಂತಿದ್ದೆ. ತೊಂಬತ್ತೆರಡು ಕಾಲು." ಬೆಳ್ಯಪ್ಪ ಅಂಗಳವನ್ನೊಮ್ಮೆ ನೋಡಿದ. "ಇಲ್ಲಿ ಈಗ ನಾವು ಮೂರು ಜನ ಇದ್ದೀವಿ."

ಉತ್ತಯ್ಯ ಬಾಗಿಲಲ್ಲಿ ನಿಂತಿದ್ದ ಗಂಗಮ್ಮನ ಕಡೆ ನೋಡಿದ.

"ಪೊಲೀಸರು ಮೂರು ದಿನ ಕರೆದು ಕೂರಿಸಿದ್ರು. ಅದು ಹೋಗ್ಲಿ. ಮೊನ್ನೆ ನಮ್ಮ ಕುಟುಂಬದವರೆಲ್ಲ ಊಟಕ್ಕೆ ಸೇರಿದ್ರು. ಇಪ್ಪತ್ತು ವರ್ಷದಿಂದ ಅನ್ನ ಬಡಿಸೋನು ನಾನೇ. ಪಾತ್ರೆ ಎತ್ಕೊಂಡೆ. ಚಿಕ್ಕಪ್ಪ ಬಂದು ಮೆತ್ತಗೆ ಕೈಯಿಂದ ಸೌಟು ತಗೊಂಡ್ರು. 'ನೀನು ಕೂತ್ಕೋ ಮಗಾ' ಅಂದ್ರು. ಬೈದಿದ್ರೆ ನಾನು ತಿರುಗಿ ಹೇಳ್ತಿದ್ದೆ ಸಾರ್. ಅಷ್ಟು ಮೆತ್ತಗೆ ಹೇಳಿದ್ರೆ ಎಂತ ಹೇಳೋದು?"

ಗಂಗಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಸರಿದಳು.

ಉತ್ತಯ್ಯ ಎರಡು ಹೆಜ್ಜೆ ಮುಂದೆ ಬಂದ. ಜಗಲಿಯ ಮೆಟ್ಟಿಲಿಗೆ ಕೂತುಬಿಟ್ಟ. ಬೆಳ್ಯಪ್ಪ ಮೇಲೆ, ಅವನು ಕೆಳಗೆ.

"ನಾಳೆ ಅದೇ ಕ್ಯಾಂಟೀನಿನಲ್ಲಿ ಹೇಳ್ತೀನಿ," ಎಂದ. "ಆ ನಲ್ವತ್ತಾರು ಜನಾನೂ ಇರ್ಬೇಕು. ನಿನ್ನ ಚಿಕ್ಕಪ್ಪನ್ನೂ ಕರ್ಕೊಂಡು ಬಾ. ಬರೀ ಬಾಯಿ ಮಾತಲ್ಲ, ಎಲ್ಲರನ್ನೂ ಹಾಲ್‌ಗೆ ಕರ್ಕೊಂಡ್ ಹೋಗಿ ಕೇಬಲ್ ತೋರಿಸ್ತೀನಿ. ದಿಕ್ಸೂಚಿ ಹಿಡಿದು ತೋರಿಸ್ತೀನಿ. ನಾನು ಎಂಥ ಮೂರ್ಖ ಅಂತ ಎಲ್ಲರೂ ನೋಡ್ಲಿ."

ಬೆಳ್ಯಪ್ಪ ಅವನನ್ನೇ ದಿಟ್ಟಿಸಿದ. ಮುಖದ ಬಿಗಿ ಒಂದು ನೂಲಿನಷ್ಟು ಸಡಿಲವಾಯಿತು.

"ಕೇಬಲ್ ವಿಷಯ ಬೇರೆ ಯಾರಿಗೆ ಗೊತ್ತು?"

"ಮೋಕ್ಷಿತಾಗೆ. ಅಲ್ಲೇ ಕಾವಲಿಗೆ ನಿಲ್ಲಿಸಿ ಬಂದಿದ್ದೀನಿ. ಮತ್ತೆ ಪ್ರಜ್ಞೇಶ್‌ಗೆ. ದಾರೀಲಿ ಫೋನ್ ಮಾಡಿ ಎಲ್ಲ ಹೇಳಿದೆ."

"ಎಲ್ಲಾನೂ?"

"ಎಲ್ಲಾನೂ."

ಬೆಳ್ಯಪ್ಪನ ಹೆಬ್ಬೆರಳು ಸಡಿಲಿತು. ಸುತ್ತಿದ್ದ ತಂತಿ ಸುರ್ರನೆ ಬಿಚ್ಚಿಕೊಂಡು ಜಗಲಿಯ ಮೇಲೆ ಹರಡಿತು.

"ನೂರ ಅರುವತ್ತು ಅಂತ ನಿಮಗೆ ಹೇಳಿಕೊಟ್ಟದ್ದು ಯಾರು ಸಾರ್?" ಎಂದ, ತೀರ ಮೆಲ್ಲಗೆ.

ಉತ್ತಯ್ಯನ ಬಾಯಿ ತೆರೆಯಿತು. ಅಷ್ಟರಲ್ಲಿ ಜೇಬಿನ ಫೋನ್ ಬಡಿದುಕೊಂಡಿತು. ಮೋಕ್ಷಿತಾ. ಸ್ಪೀಕರಿಗೆ ಹಾಕಿದ.

"ಸರ್, ಆಫೀಸಿಂದ ಅರ್ಜೆಂಟ್ ಅಂತ ಕರೆದ್ರು. ಹೋದ್ರೆ ಅಲ್ಲಿ ಯಾರೂ ಇರ್ಲಿಲ್ಲ. ಐದು ನಿಮಿಷ ಅಷ್ಟೇ ಸರ್, ವಾಪಸ್ ಬಂದು ನೋಡಿದ್ರೆ ಕೇಬಲ್ ಸರಿ ಮಾಡಿಬಿಟ್ಟಿದ್ದಾರೆ. ಮುಳ್ಳು ಈಗ ಬಾಣದ ಕಡೆಗೇ ತಿರುಗ್ತಿದೆ. ಹಳೇ ತೋಳು ತಂದು ಹಾಕಿದ್ದಾರೆ. ನಾವು ಫೋಟೋನೂ ತೆಗ್ದಿರ್ಲಿಲ್ಲ..."

ಉತ್ತಯ್ಯ ಕಣ್ಣು ಮುಚ್ಚಿದ. ತಪ್ಪೊಪ್ಪಿಕೊಳ್ಳುವ ಅವಸರದಲ್ಲಿ, ಇದ್ದ ಒಂದೇ ಸಾಕ್ಷಿಯನ್ನು ಅವನೇ ಕೈಯಾರೆ ಎತ್ತಿ ಕೊಟ್ಟಿದ್ದ.

"ನೀನು ಎಲ್ಲಿದ್ದೀಯ ಈಗ?"

"ಹಾಲ್ ಒಳಗೇ ಇದ್ದೀನಿ. ಒಂದ್ನಿಮಿಷ ಸರ್, ಯಾರೋ ದೀಪ ಆರಿಸಿದ್ರು."

ಫೋನಿನಲ್ಲಿ ಸೈರನ್ ಕೇಳಿಸಿತು. ಉದ್ದ ಒಂದು, ಗಿಡ್ಡ ಎರಡು.

ಬೆಳ್ಯಪ್ಪ ಎದ್ದು ನಿಂತಿದ್ದ. "ಅದು ಚಾರ್ಜಿಂಗ್ ಸೈರನ್. ಯಾರೋ ಯಂತ್ರ ಚಾಲೂ ಮಾಡ್ತಿದ್ದಾರೆ. ಇನ್ನು ನಾಲ್ಕು ನಿಮಿಷಕ್ಕೆ ಪೂರ್ತಿ ಕರೆಂಟು ಹರಿಯುತ್ತೆ, ಆಗ ಒಳಗೆ ಯಾರೂ ಇರ್ಬಾರ್ದು." ಫೋನಿಗೆ ಬಾಗಿ ಕೂಗಿದ: "ಮೋಕ್ಷಿತಾ, ಹೊರಗೆ ಬಾ!"

"ಬಾಗಿಲು ತೆರೀತಿಲ್ಲ ಬೆಳ್ಯಪ್ಪಣ್ಣ!"

"ಸೈರನ್ ಆದ್ಮೇಲೆ ತಾನಾಗೇ ಲಾಕ್ ಆಗುತ್ತೆ. ಹೆದರ್ಬೇಡ. ಬಾಗಿಲಿನ ಎಡಗಡೆ ಕಬ್ಬಿಣದ ಪೆಟ್ಟಿಗೆ ಇದೆ. ಒಳಗೆ ಹಸಿರು ಗುಂಡಿ. ಒತ್ತಿದ್ರೆ ಯಂತ್ರ ನಿಲ್ಲುತ್ತೆ, ಬಾಗಿಲೂ ತೆರೆಯುತ್ತೆ."

ಕತ್ತಲಲ್ಲಿ ಅವಳು ಗೋಡೆ ತಡಕುವ ಸದ್ದು. ಕಬ್ಬಿಣ ಕಬ್ಬಿಣಕ್ಕೆ ಬಡಿಯಿತು.

"ಅಣ್ಣ, ಇದಕ್ಕೆ ಬೀಗ ಹಾಕಿದೆ."

"ಬೀಗವಾ?" ಬೆಳ್ಯಪ್ಪ ಚೀರಿದ. "ಆ ಪೆಟ್ಟಿಗೆಗೆ ಬೀಗಾನೇ ಇಲ್ಲ. ಯಾರು ಹಾಕಿದ್ದು?"

ಒಳಗಿನಿಂದ ಗಂಗಮ್ಮ ಓಡಿ ಬಂದಳು. "ಎಂತ ಆತ್?"

ಯಾರೂ ಅವಳಿಗೆ ಉತ್ತರ ಕೊಡಲಿಲ್ಲ. ಉತ್ತಯ್ಯ ಪ್ಯಾಂಟಿನ ಜೇಬಿಗೆ ಕೈ ಹಾಕಿದ. ಅಪಘಾತದ ದಿನ, ಗುಂಡಿಯ ಮೇಲಿನ ಬೆರಳಚ್ಚು ಕೆಡದಿರಲಿ, ಯಂತ್ರವನ್ನಂತೂ ಯಾರೂ ಓಡಿಸುವುದಿಲ್ಲವಲ್ಲ ಎಂದು ಆ ಪೆಟ್ಟಿಗೆಗೆ ಬೀಗ ಜಡಿಸಿದ್ದ. ಬೆಳಿಗ್ಗೆ ಉಳಿದ ಸೀಲುಗಳನ್ನು ತೆಗೆಸಿದಾಗ ಇದನ್ನು ಮರೆತಿದ್ದ. ತಣ್ಣಗಿನ ಕೀಲಿಕೈ ಬೆರಳಿಗೆ ತಾಗಿತು.

ಸುರುಳಿ ಮನೆಗೆ ಹತ್ತು ನಿಮಿಷದ ದಾರಿ.

"ಹೇಳಿ ಸಾರ್, ಯಾರು ಹಾಕಿದ್ದು?"

"ನಾನು," ಎಂದ ಉತ್ತಯ್ಯ.